ಕೋವಿಯ ತುಕ್ಕಿಗೆ ನೀರೇ ಮದ್ದು

ಈಡು ಹೊಡೆದ ಕೇಪಿನ ಕೋವಿಯನ್ನು ಮೊದಲು ನೀರಿನಲ್ಲಿ ತೊಳೆಯಬೇಕು. ಎಣ್ಣೆ ಆಮೇಲೆ. ಕಬ್ಬಿಣಕ್ಕೆ ನೀರು ಸೋಕಿಸಲು ಹೆದರಿ, ಮಸಿ ಹಿಡಿದ ಕುದುರೆಯ (ಕೇಪಿನ ಮೇಲೆ ಬಡಿಯುವ ಸುತ್ತಿಗೆಯ) ಮೇಲೆ ನೇರವಾಗಿ ಎಣ್ಣೆ ಸುರಿದು ಒರೆಸಿ ಗೋಡೆಗೆ ನೇತುಹಾಕಿದರೆ, ಹೊಳಪಿನ ಅಡಿಯಲ್ಲೇ ತುಕ್ಕು ಬೇರು ಬಿಡುತ್ತದೆ.

ಕಾರಣ ಮದ್ದಿನಲ್ಲೇ ಇದೆ. ಕರಿಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಅದು ಸುಟ್ಟಾಗ ತೂಕದಲ್ಲಿ ಅರ್ಧಕ್ಕಿಂತ ಕಡಿಮೆ ಪಾಲು ಅನಿಲವಾಗುತ್ತದೆ, ಮಿಕ್ಕದ್ದು ಘನವಸ್ತು. ಅದರಲ್ಲಿ ಒಂದಿಷ್ಟು ಬಿಳಿ ಹೊಗೆಯಾಗಿ ಹಾರಿದರೆ, ಉಳಿದದ್ದು ನಳಿಗೆಯೊಳಗೆ, ಕೇಪು ಕೂರುವ ನಿಪ್ಪಲ್ಲಿನ ಸುತ್ತ, ಕುದುರೆಯ ಸಂದಿಯಲ್ಲಿ ಅಂಟಿಕೊಳ್ಳುತ್ತದೆ. ನಾವು ಮಸಿ ಎನ್ನುವ ಇದು ಬಹುಪಾಲು ಪೊಟ್ಯಾಸಿಯಂ ಲವಣಗಳೇ: ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್. ಹಳೆಯ ಬಗೆಯ ಕೇಪಿನಲ್ಲಿರುವ ಪೊಟ್ಯಾಸಿಯಂ ಕ್ಲೋರೇಟ್ ಸಿಡಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಆಗಿ ಉಳಿಯುತ್ತದೆ. ಅಡುಗೆ ಉಪ್ಪಿನ ಹತ್ತಿರದ ಬಂಧು ಅದು, ಕಬ್ಬಿಣವನ್ನು ತಿನ್ನುವುದರಲ್ಲೂ ಹಾಗೆಯೇ.

ಮಳೆಗಾಲದ ಉಪ್ಪಿನ ಭರಣಿಯಂತೆ ಈ ಲವಣಗಳೂ ಗಾಳಿಯ ಪಸೆ ಹೀರಿ ಒದ್ದೆಯಾಗುತ್ತವೆ. ತೇವಾಂಶ ಶೇಕಡ 43ರ ಆಸುಪಾಸು ದಾಟಿದರೆ ಸಾಕು, ಪೊಟ್ಯಾಸಿಯಂ ಕಾರ್ಬೊನೇಟ್ ನೀರಾಗತೊಡಗುತ್ತದೆ. ಕ್ಲೋರೈಡಿಗೆ ಶೇಕಡ 84ರಷ್ಟು ಬೇಕು. ಚಿಂತಾಮಣಿಯ ಬೇಸಿಗೆಯ ಒಣ ಮಧ್ಯಾಹ್ನದಲ್ಲಿ ಸುಮ್ಮನಿದ್ದ ಮಸಿ ಮುಂಗಾರಿನಲ್ಲಿ ಜೀವ ತಳೆಯುವುದು ಇದರಿಂದಲೇ. 1791ರ ಅಕ್ಟೋಬರ್ 19ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆಯ ಕೈಸೇರಿದ ನಂದಿದುರ್ಗವನ್ನು ನೆನೆಯಿರಿ. 1,478 ಮೀಟರ್ ಎತ್ತರದ ಬೆಟ್ಟ, ಮೂರು ವಾರಗಳ ಮುತ್ತಿಗೆ, ಮಂಜು ಕವಿಯುವ ಕಾಲ. ಅಂಥ ಕಡೆ ಕೋವಿ ಹಿಡಿದವನಿಗೆ, ಕೋಟೆಯ ಒಳಗಿರಲಿ ಹೊರಗಿರಲಿ, ಮದ್ದನ್ನು ಒಣಗಿಸಿಟ್ಟುಕೊಳ್ಳುವುದೂ ಮಸಿ ತೆಗೆಯುವುದೂ ದಿನನಿತ್ಯದ ಹೋರಾಟವೇ.

ಈ ಲವಣಗಳು ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಅವುಗಳ ಮೇಲೆ ಮುಚ್ಚಳ ಹಾಕುತ್ತದೆ, ಅಷ್ಟೆ. ನೀರಿನಲ್ಲಾದರೋ ಸಲೀಸಾಗಿ ಕರಗುತ್ತವೆ: 100 ಮಿಲಿಲೀಟರ್ ನೀರು 100 ಗ್ರಾಮಿಗೂ ಹೆಚ್ಚು ಪೊಟ್ಯಾಸಿಯಂ ಕಾರ್ಬೊನೇಟ್ ಕರಗಿಸಿಕೊಳ್ಳಬಲ್ಲದು. ಬಿಸಿನೀರಾದರೆ ಕಬ್ಬಿಣವೂ ಕಾದು ಬೇಗ ಒಣಗುತ್ತದೆ.

ಯಾವ ನೀರು ಎಂಬುದೂ ಇಲ್ಲಿ ಮುಖ್ಯ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳ ನೀರೇ ಗಡಸು. ಅದು ಆರಿದ ಜಾಗದಲ್ಲಿ ಬಿಳಿ ಕಲೆ, ಅಂದರೆ ಮತ್ತೆ ಉಪ್ಪು. ಕೊನೆಯ ಸಲ ಜಾಲಾಡಿಸಲು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಮಳೆನೀರನ್ನೋ ಬಳಸುವುದು ಒಳ್ಳೆಯದು.

ಕೈ ಹಾಕುವ ಮುನ್ನ ಕೋವಿ ಖಾಲಿಯೆಂದು ಖಚಿತವಾಗಬೇಕು. ಕೇಪು ತೆಗೆದಿರಬೇಕು, ಮದ್ದು ಜಡಿಯುವ ಗಜವನ್ನು ನಳಿಗೆಗೆ ಇಳಿಸಿ, ತಳ ಮುಟ್ಟಿತೇ ಎಂದು ಹೊರಗಿನಿಂದ ಅಳೆದು ನೋಡಬೇಕು. ಆಮೇಲೆ ಪಕ್ಕದ ತಿರುಪು ಬಿಚ್ಚಿದರೆ ಕುದುರೆಯ ಯಂತ್ರ ಇಡಿಯಾಗಿ ಕೈಗೆ ಬರುತ್ತದೆ. ಮಡಚಿದ ದೊಡ್ಡ ಸ್ಪ್ರಿಂಗು, ಕುದುರೆಯ ಜೊತೆ ತಿರುಗುವ ಬಿಲ್ಲೆ, ಬಿಲ್ಲೆಯ ಅಂಚಿನಲ್ಲಿ ಎರಡು ಕಚ್ಚು, ಆ ಕಚ್ಚಿಗೆ ಮೂತಿಯಿಟ್ಟು ಕೂರುವ ಸಿಯರ್ ಎಂಬ ಸಣ್ಣ ಕೊಕ್ಕೆ. ಟ್ರಿಗರ್ ಒತ್ತಿದಾಗ ಆಗುವುದು ಇಷ್ಟೇ: ಸಿಯರಿನ ಮೂತಿ ಕಚ್ಚಿನಿಂದ ಜಾರುತ್ತದೆ, ಸ್ಪ್ರಿಂಗು ಕುದುರೆಯನ್ನು ಕೇಪಿನ ಮೇಲೆ ಬಡಿಯುತ್ತದೆ. ಮೊದಲ ಕಚ್ಚು ಆಳ, ಅರ್ಧ ಎಳೆದ ಕುದುರೆಯನ್ನು ಹಿಡಿದಿಡಲು. ಎರಡನೆಯದು ತೆಳು, ಬಿಡಲು ಸಿದ್ಧ. ಆಳದ ಕಚ್ಚಿನೊಳಗೆ ಮಸಿ ಗಟ್ಟಿಯಾದರೆ ಮೂತಿ ಪೂರ್ತಿ ಕೂರುವುದಿಲ್ಲ. ಸುರಕ್ಷಿತವೆಂದು ನಂಬಿದ ಸ್ಥಿತಿಯಲ್ಲೇ ಕುದುರೆ ಬೀಳುವ ಅಪಾಯ ಅಲ್ಲಿಂದ ಶುರು.

ಸ್ಪ್ರಿಂಗು ಬಿಚ್ಚಬೇಕಿಲ್ಲ, ಇಕ್ಕಳದಲ್ಲಿ ಎಳೆದರೆ ಮುರಿಯಬಹುದು, ಸಿಡಿಯಲೂಬಹುದು. ಇಡೀ ಯಂತ್ರವನ್ನು ಬಿಸಿನೀರಿನಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ನೀರು ತಿಳಿಯಾಗುವ ತನಕ ತೊಳೆದು ಒಣಗಿಸಿದರಾಯಿತು. ನಳಿಗೆಗೂ ಇದೇ ಉಪಚಾರ.

ಈಗ ಎಣ್ಣೆಯ ಸರದಿ. ಗೌರಿಬಿದನೂರಿನ ಮನೆಗಳಲ್ಲಿ ಕೈಗೆ ಸಿಗುವುದು ಕಡಲೆಕಾಯಿ ಎಣ್ಣೆ, ಹೊಂಗೆ ಎಣ್ಣೆ. ಸಸ್ಯದ ಎಣ್ಣೆಗಳ ಅಣುಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ; ಕೆಲವು ತಿಂಗಳಲ್ಲಿ ಸಂದಿಗಳು ಅಂಟಂಟಾಗಿ ಕುದುರೆಯ ಬೀಳುವಿಕೆ ಮಂದವಾಗುತ್ತದೆ. ಹೊಲಿಗೆ ಯಂತ್ರದ ಖನಿಜ ಎಣ್ಣೆ ಹಾಗೆ ಗಟ್ಟಿಯಾಗುವುದಿಲ್ಲ. ತಿರುಗುವ ಜಾಗಕ್ಕೊಂದು ಹನಿ ಧಾರಾಳ. ಆಯುಧಪೂಜೆಯಲ್ಲಿ ನಿಂಬೆರಸ, ಒದ್ದೆ ಕುಂಕುಮ ಲೋಹಕ್ಕೆ ತಾಕಿದ್ದರೆ ಮಂಗಳಾರತಿ ಮುಗಿದ ಕೂಡಲೇ ಒರೆಸಬೇಕು. ನಿಂಬೆಯ ಸಿಟ್ರಿಕ್ ಆಮ್ಲ ಉಕ್ಕನ್ನು ಕೊರೆಯುತ್ತದೆ.

ಟ್ರಿಗರ್ ಬಿಗಿಯಾಯಿತೆಂದು ಕಚ್ಚಿಗೆ ಅರ ಹಾಕುವುದನ್ನಂತೂ ಖಂಡಿತ ಮಾಡಬಾರದು. ಹಳೆಯ ಕೋವಿಗಳ ಬಿಲ್ಲೆ ಸಾಮಾನ್ಯವಾಗಿ ಮೆದು ಕಬ್ಬಿಣ. ಮೂಳೆಯ ಇದ್ದಿಲಿನಲ್ಲಿ ಹುದುಗಿಸಿ ಕಾಯಿಸಿ, ಇಂಗಾಲ ಹತ್ತಿಸಿ, ಮೇಲಿನ ತೆಳುಪೊರೆಯನ್ನಷ್ಟೇ ಗಡಸು ಮಾಡಿರುತ್ತಾರೆ. ಅರ ಆ ಪೊರೆಯನ್ನು ದಾಟಿದರೆ ಕಚ್ಚು ದಿನೇದಿನೇ ಸವೆಯುತ್ತದೆ.

ಚುನಾವಣೆ ಬಂದಾಗ ಪರವಾನಗಿಯ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗಿ ಬರಬಹುದು. ವಾಪಸು ಬರಲು ವಾರಗಳೇ ಹಿಡಿಯುತ್ತವೆ. ಒಪ್ಪಿಸುವ ಹಿಂದಿನ ದಿನವೇ ತೊಳೆದು, ಒಣಗಿಸಿ, ಎಣ್ಣೆ ಸವರಿ, ಕುದುರೆಯನ್ನು ಮೆಲ್ಲಗೆ ಇಳಿಸಿ ಸ್ಪ್ರಿಂಗಿನ ಬಿಗಿ ಬಿಡಿಸಿಡಿ. ಮರಳಿ ಬಂದಾಗ ನಿಪ್ಪಲ್ಲಿನ ಬುಡದಲ್ಲಿ ಕಂದು ಕಲೆ ಕಂಡರೆ ಹಿಂದಿನ ತೊಳೆತದಲ್ಲಿ ಉಪ್ಪು ಉಳಿದಿರುವ ಸಾಧ್ಯತೆಯೇ ಹೆಚ್ಚು. ಮತ್ತೆ ನೀರಿನಿಂದಲೇ ಶುರುಮಾಡಬೇಕು.