ಹನೋಯ್‌ನಿಂದ ವಾರ್ಸಾಗೆ: ಪಿಯಾನೊ ಸಾಧಕನ ದಾರಿ

ಪೋಲೆಂಡಿನ ವಾರ್ಸಾದಲ್ಲಿ ಐದು ವರ್ಷಕ್ಕೊಮ್ಮೆ ಶೋಪಾನ್ ಪಿಯಾನೊ ಸ್ಪರ್ಧೆ ನಡೆಯುತ್ತದೆ. 1927ರಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ನುಡಿಸಬೇಕಾದ್ದು ಸಂಗೀತ ಸಂಯೋಜಕ ಶೋಪಾನ್ ರಚನೆಗಳನ್ನು ಮಾತ್ರ. ಸುತ್ತು ಸುತ್ತುಗಳನ್ನು ದಾಟಿ ಉಳಿದವರು ಕೊನೆಗೆ ದೊಡ್ಡ ವಾದ್ಯವೃಂದದ ಜೊತೆ ಕೂರುತ್ತಾರೆ. ಗೆದ್ದವರನ್ನು ಜಗತ್ತಿನ ಹೆಸರಾಂತ ಸಭಾಂಗಣಗಳು ಕರೆಯುತ್ತವೆ.

1980ರಲ್ಲಿ ಮೊದಲ ಬಹುಮಾನ ಬಂದದ್ದು ವಿಯೆಟ್ನಾಮಿನ 22ರ ತರುಣ ಡಾಂಗ್ ಥಾಯ್ ಸೊನ್ ಅವರಿಗೆ. ಏಷ್ಯಾದವರೊಬ್ಬರು ಅದನ್ನು ಗೆದ್ದದ್ದು ಅದೇ ಮೊದಲು. ಅಂತಿಮ ಸುತ್ತಿಗೆ ಬರುವ ತನಕ ಅವರು ವಾದ್ಯವೃಂದದ ಜೊತೆ ನುಡಿಸಿಯೇ ಇರಲಿಲ್ಲ!

ಯುದ್ಧದ ನಡುವೆ ಪಾಠ

ಸೊನ್ ಅವರ ಮೊದಲ ಗುರು ತಾಯಿ ಥಾಯ್ ಥಿ ಲಿಯೆನ್. ಪ್ರಾಗ್‌ನಲ್ಲಿ ಕಲಿತು ಬಂದು ಹನೋಯ್‌ನ ಸಂಗೀತ ವಿದ್ಯಾಲಯ ಕಟ್ಟಿದವರಲ್ಲಿ ಅವರೂ ಒಬ್ಬರು. ಅಮೆರಿಕದ ಬಾಂಬ್ ದಾಳಿಯ ವರ್ಷಗಳಲ್ಲಿ ವಿದ್ಯಾಲಯವೇ ಹಳ್ಳಿಗೆ ಸ್ಥಳಾಂತರವಾಯಿತು. ಇದ್ದ ಹದಗೆಟ್ಟ ಪಿಯಾನೊ ಮುಂದೆ ಮಕ್ಕಳು ಸರದಿಗೆ ಕಾಯಬೇಕಿತ್ತು. 1970ರಲ್ಲಿ ವಾರ್ಸಾ ಸ್ಪರ್ಧೆ ನೋಡಲು ಹೋದ ತಾಯಿ, ಶೋಪಾನ್‌ನ ಸ್ವರಲಿಪಿ ಮತ್ತು ಧ್ವನಿಮುದ್ರಿಕೆಗಳನ್ನು ಹೊತ್ತು ತಂದರು. ಕೇಳಿ ಕೇಳಿ ಹುಡುಗನ ಕಿವಿ ಹದವಾಯಿತು. 1974ರಲ್ಲಿ ಹನೋಯ್‌ಗೆ ಬಂದ ಸೋವಿಯತ್ ಪಿಯಾನೊ ವಾದಕ ಐಸಾಕ್ ಕಾಟ್ಸ್ ಈ ಪ್ರತಿಭೆಯನ್ನು ಗುರುತಿಸಿದರು. ಮುಂದೆ ಮಾಸ್ಕೋ ಸಂಗೀತ ವಿದ್ಯಾಲಯದಲ್ಲಿ ವ್ಲಾದಿಮಿರ್ ನಾತಾನ್ಸನ್ ಅವರ ಪಾಠ.

ಊರಿಗೊಂದು ವಾದ್ಯ

ಸ್ಪರ್ಧೆ ಗೆದ್ದವರು ಮುಂದೆ ಊರೂರಿನಲ್ಲಿ ಕಚೇರಿ ಕೊಡಬೇಕು. ಪಿಟೀಲು ವಾದಕರು ತಮ್ಮ ವಾದ್ಯವನ್ನು ಹೆಗಲಿಗೇರಿಸಿಕೊಂಡು ಹೋಗಬಹುದು. ಪಿಯಾನೊ ವಾದಕರಲ್ಲಿ ಹೆಚ್ಚಿನವರಿಗೆ ಆ ಭಾಗ್ಯವಿಲ್ಲ. ಆಯಾ ಊರಿನ ಸಭಾಂಗಣದಲ್ಲಿ ಇರುವುದನ್ನೇ ನುಡಿಸಬೇಕು. ಒಂದರ ಕೀಲಿಗಳು ಬಿಗಿ, ಇನ್ನೊಂದರವು ಹಗುರ. ಒಂದರ ಮಂದ್ರ ಗಡುಸು, ಇನ್ನೊಂದರ ತಾರ ಮಂಕು. ತುಂಬಿದ ಸಭಾಂಗಣದಲ್ಲಿ ನಾದ ಕೇಳಿಸುವ ಬಗೆಯೂ ಬೇರೆ. ಕಚೇರಿಗೆ ಮುನ್ನ ಸಿಗುವ ಕೆಲವು ಗಂಟೆಗಳಲ್ಲಿ ಇದೆಲ್ಲವನ್ನೂ ಅರಿತು, ಬೆರಳಿನ ಒತ್ತಡವನ್ನೂ ಪೆಡಲ್ ಮೇಲಿನ ಪಾದವನ್ನೂ ಹೊಂದಿಸಿಕೊಳ್ಳಬೇಕು. ಆಮೇಲೆ ಸ್ವರಲಿಪಿ ಎದುರಿಗಿಲ್ಲದೆ, ನೆನಪಿನಿಂದಲೇ ಇಡೀ ಕಚೇರಿ ನಡೆಸುವುದು ವಾಡಿಕೆ. ವರ್ಷಗಟ್ಟಲೆ ಮಾಡಿದ ಸಾಧನೆ ಒರೆಗೆ ಬೀಳುವುದು ಇಲ್ಲೇ. ಚುರುಕು ಬೆರಳು ಬಹಳ ಮಂದಿಗೆ ಒಲಿಯುತ್ತದೆ. ತಾನು ನುಡಿಸಿದ್ದನ್ನು ಆ ಕ್ಷಣದಲ್ಲೇ ಕೇಳಿಸಿಕೊಂಡು ತಿದ್ದಿಕೊಳ್ಳುವ ಕಿವಿ ಅಪರೂಪ.

ಶಿಷ್ಯರ ಸಾಲು

ಸೊನ್ ಮುಂದೆ ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಸಿದರು. ದೇಶ ದೇಶಗಳಲ್ಲಿ ಕಚೇರಿ ಕೊಡುತ್ತಲೇ ಪಾಠಕ್ಕೂ ಕೂತರು. 2021ರಲ್ಲಿ ಅವರ ಶಿಷ್ಯ ಬ್ರೂಸ್ ಲಿಯು, 2025ರಲ್ಲಿ ಮತ್ತೊಬ್ಬ ಶಿಷ್ಯ ಎರಿಕ್ ಲು ವಾರ್ಸಾದಲ್ಲಿ ಮೊದಲ ಬಹುಮಾನ ಪಡೆದರು.

ಸ್ಪರ್ಧೆಯ ಗೆಲುವು ಒಬ್ಬ ವಾದಕನನ್ನು ಜಗತ್ತಿಗೆ ಪರಿಚಯಿಸುತ್ತದೆ, ಅಷ್ಟೆ. ಅವನನ್ನು ರೂಪಿಸುವುದು ಪಕ್ಕದಲ್ಲಿ ಕೂತು ಕೇಳುವ ಗುರು. ಒಳ್ಳೆಯ ವಾದ್ಯ ತಡವಾಗಿ ಸಿಕ್ಕರೂ ನಡೆದೀತು, ಒಳ್ಳೆಯ ಗುರು ಬೇಗ ಸಿಗಬೇಕು.