ಜ್ವರ ಬಿಟ್ಟ ಮೇಲಿನ ಎರಡು ದಿನ

ಜುಲೈ ಕೊನೆಯ ವಾರ. ಜಿಲ್ಲಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು. ಕಿಟಕಿಯ ಸರಳಿಗೆ ಒದ್ದೆ ಟವೆಲ್ಲು, ಮಂಚದಡಿ ಚೊಂಬು, ತಟ್ಟೆ, ಕುಡಿದಿಟ್ಟ ಎಳನೀರಿನ ಬುರುಡೆ. ಗೋಡೆಗೆ ಒರಗಿ ಚಾಪೆಯ ಮೇಲೆ ಕೂತ ಅಜ್ಜಿಯರು. ಬೆಳಗಿನ ಹನ್ನೊಂದು ಗಂಟೆಗೂ ಸೊಳ್ಳೆಪರದೆಗಳು ಇಳಿಬಿದ್ದಿವೆ. ಹೊಸದಾಗಿ ಬಂದವರು ಸೆಕೆಯೆಂದು ಎತ್ತಿ ಕಟ್ಟಿದರೆ ಸಿಸ್ಟರ್ ಬಂದು ಮತ್ತೆ ಇಳಿಸುತ್ತಾರೆ. ಕಾಲಿನಲ್ಲಿ ಬಿಳಿ ಪಟ್ಟೆಯಿರುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲು ಹೊತ್ತಿನಲ್ಲೇ. ಜ್ವರದ ಮಗುವಿನ ರಕ್ತ ಹೀರಿದ ಸೊಳ್ಳೆ ಸುಮಾರು ಹತ್ತು ದಿನಗಳಲ್ಲಿ ಇನ್ನೊಂದು ಮಗುವಿಗೆ ಡೆಂಗಿ ದಾಟಿಸಲು ಸಿದ್ಧವಾಗಿರುತ್ತದೆ.

ವಾರ್ಡಿನ ಮಾತೆಲ್ಲ ಒಂದೇ. "ನಿಮ್ಮೋನಿಗೆ ಪ್ಲೇಟ್‌ಲೆಟ್ ಎಷ್ಟು?" "ನಿನ್ನೆ ತೊಂಬತ್ತು ಸಾವಿರ, ಇವತ್ತು ಅರವತ್ತು." ಒಬ್ಬರು ಪಪ್ಪಾಯಿ ಎಲೆ ಅರೆದು ರಸ ತಂದಿದ್ದಾರೆ, ಕಹಿಗೆ ಮಗು ಕಾರಿಕೊಂಡಿದೆ. ಇನ್ನೊಬ್ಬರು ಇನ್ನೂರು ರೂಪಾಯಿ ಕೊಟ್ಟು ಕಿವಿ ಹಣ್ಣು ತಂದಿದ್ದಾರೆ. ಆ ಹಣ ಬಹುಶಃ ಸಾಲದ್ದೇ. ರಕ್ತಸ್ರಾವ ಇಲ್ಲದಿದ್ದರೆ ಪ್ಲೇಟ್‌ಲೆಟ್ ಹತ್ತು ಸಾವಿರಕ್ಕಿಂತ ಕೆಳಗಿಳಿಯುವ ತನಕ ವೈದ್ಯರು ಸಾಮಾನ್ಯವಾಗಿ ಅದನ್ನು ಏರಿಸುವುದಿಲ್ಲ. ಅವರ ಕಣ್ಣು ನೆಟ್ಟಿರುವುದು ಬೇರೆ ಕಡೆ, ಮನೆಯವರು ಯಾರೂ ಕೇಳದ ಇನ್ನೊಂದು ಅಂಕಿಯ ಮೇಲೆ.

ನಾಲ್ಕನೇ ಮಂಚದಲ್ಲಿ ಎಂಟು ವರ್ಷದ ಹುಡುಗಿ. ಜ್ವರ ಶುರುವಾಗಿ ಐದನೇ ದಿನ. ಬೆಳಗಿನ ಜಾವ ಮೈ ಬೆವರಿ ಜ್ವರ ಇಳಿದಿದೆ. ತಾಯಿಯ ಮುಖದಲ್ಲಿ ಗೆಲುವು.

"ಜ್ವರ ಬಿಡ್ತು ಸಿಸ್ಟರ್, ಮನೆಗೆ ಕಳಿಸಿಕೊಡಿ. ಹಸ ಕರೆಯೋರಿಲ್ಲ ಮನೇಲಿ."

"ಇವತ್ತು ನಾಳೆ ಎರಡು ದಿನ ಎಲ್ಲೂ ಕದಲಬೇಡಿ ತಾಯಿ. ನೋಡ್ಕೋಬೇಕಾಗಿರೋದೇ ಈಗ."

ಸಿಸ್ಟರ್ ಹೇಳಿದ್ದು ಊರೂರಿಗೆ ಡಂಗುರ ಸಾರಬೇಕಾದ ಮಾತು. ಮಲೇರಿಯಾ, ಟೈಫಾಯ್ಡ್ ಯಾವುದೇ ಇರಲಿ, ಜ್ವರ ಬಿಟ್ಟರೆ ಬದುಕಿದೆವು ಎಂದುಕೊಳ್ಳುವುದು ನಮ್ಮ ರೂಢಿ. ಡೆಂಗಿಯಲ್ಲಿ ಮೂರರಿಂದ ಏಳನೇ ದಿನದ ನಡುವೆ ಮೈ ತಣ್ಣಗಾದ ಹೊತ್ತಿಗೇ, ಕೆಲವರಲ್ಲಿ, ಅಪಾಯದ ಇಪ್ಪತ್ನಾಲ್ಕರಿಂದ ನಲವತ್ತೆಂಟು ಗಂಟೆ ಶುರುವಾಗುತ್ತದೆ. ಹೊಸ ಮಡಕೆ ನೀರು ಜಿನುಗಿಸುವಂತೆ ಸಣ್ಣ ರಕ್ತನಾಳಗಳು ರಕ್ತದ ತಿಳಿಯನ್ನು ಹೊರಗೆ ಬಿಡುತ್ತವೆ. ಅದು ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ತುಂಬಿಕೊಳ್ಳುತ್ತದೆ. ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ.

ಆ ಗಟ್ಟಿತನವನ್ನೇ ಲ್ಯಾಬಿನ ಹುಡುಗ ಅಳೆಯುತ್ತಾನೆ. ಕಡ್ಡಿಯಷ್ಟು ಸಣ್ಣ ಗಾಜಿನ ನಳಿಗೆಯಲ್ಲಿ ರಕ್ತ ತುಂಬಿ, ಒಂದು ತುದಿ ಮುಚ್ಚಿ, ಯಂತ್ರಕ್ಕಿಟ್ಟು ಐದು ನಿಮಿಷ ಗಿರಗಿರನೆ ತಿರುಗಿಸುತ್ತಾನೆ. ಕೆಂಪು ಕಣ ತಳಕ್ಕೆ ಕೂತು, ಮೇಲೆ ಹಳದಿ ತಿಳಿ ನಿಲ್ಲುತ್ತದೆ. ಕೆಂಪು ಎಷ್ಟೆತ್ತರ ಎಂದು ಪಟ್ಟಿಯಲ್ಲಿ ಹಿಡಿದು ನೋಡುತ್ತಾನೆ. ಅದಕ್ಕೆ ಪಿಸಿವಿ ಎನ್ನುತ್ತಾರೆ. ಈ ಹುಡುಗಿಗೆ ಮೊನ್ನೆ 36 ಇದ್ದದ್ದು ಈಗ 44. ನೂರಕ್ಕೆ ಇಪ್ಪತ್ತರಷ್ಟು ಏರಿದರೆ ಸೋರಿಕೆ ಜೋರಾಗಿದೆ ಎಂದೇ ಲೆಕ್ಕ.

ಹುಡುಗಿ ಮಾತಾಡುತ್ತಿದ್ದಾಳೆ, ನೀರು ಕೇಳುತ್ತಿದ್ದಾಳೆ, ತಮ್ಮ ಎಲ್ಲಿ ಎನ್ನುತ್ತಿದ್ದಾಳೆ. ಎಲ್ಲರೂ ಮೋಸಹೋಗುವುದು ಇಲ್ಲೇ. ಡೆಂಗಿಯ ಆಘಾತದಲ್ಲಿ ಮಗುವಿಗೆ ಕೊನೆಯವರೆಗೂ ಎಚ್ಚರವಿರಬಹುದು. ಡಾಕ್ಟರ್ ಪಾದ ಮುಟ್ಟಿ ನೋಡಿದರು, ತಣ್ಣಗಿತ್ತು. ಉಗುರೊತ್ತಿ ಬಿಟ್ಟರು, ಕೆಂಪು ಮರಳಲು ಮೂರು ಸೆಕೆಂಡು ಹಿಡಿಯಿತು. ಬಿಪಿ 96ಕ್ಕೆ 80. ಮೇಲಿನ ಅಂಕಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಎರಡರ ನಡುವಿನ ಅಂತರ ಇಪ್ಪತ್ತಕ್ಕೂ ಕಡಿಮೆ. ಬೆಳಗಿನಿಂದ ಮೂರು ಸಲ ವಾಂತಿ, ಹೊಟ್ಟೆನೋವು. ಇವು ಎಚ್ಚರಿಕೆಯ ಗುರುತುಗಳು.

ಡ್ರಿಪ್ ಹತ್ತಿತು. ಔಷಧಿಯೆಂದರೆ ಅದೇ, ಉಪ್ಪುನೀರು. ವೈರಸ್ಸನ್ನು ಕೊಲ್ಲುವ ಮಾತ್ರೆ ಇಲ್ಲ. ಎಷ್ಟು ಹನಿ, ಎಷ್ಟು ಹೊತ್ತು ಎಂಬುದರಲ್ಲೇ ಜೀವ ನಿಂತಿದೆ. ಕಡಿಮೆಯಾದರೆ ರಕ್ತದ ಓಟ ಕುಸಿಯುತ್ತದೆ. ಎರಡು ದಿನದ ಮೇಲೆ ಸೋರಿದ್ದೆಲ್ಲ ತಾನಾಗಿ ರಕ್ತನಾಳಕ್ಕೆ ಮರಳುವಾಗ ಡ್ರಿಪ್ ನಿಲ್ಲಿಸದಿದ್ದರೆ ಶ್ವಾಸಕೋಶ ತುಂಬಿ ಮಗು ಏದುಸಿರು ಬಿಡುತ್ತದೆ. ಅದಕ್ಕೇ ಸಿಸ್ಟರ್ ಕೈಯಲ್ಲಿ ಒಂದು ಹಾಳೆ: ನಾಡಿ, ಬಿಪಿ, ಪಿಸಿವಿ, ಮೂತ್ರ ಎಷ್ಟು ಎಂಎಲ್. ಗಂಟೆಗೊಮ್ಮೆ ಪ್ಲಾಸ್ಟಿಕ್ ಜಗ್ಗಿನಲ್ಲಿ ಮೂತ್ರ ಅಳೆದು ಬರೆಯುವ ಈ ಕೆಲಸಕ್ಕೆ ಯಾರೂ ಹಾರ ಹಾಕುವುದಿಲ್ಲ. ಸರಿಯಾಗಿ ನೋಡಿಕೊಂಡರೆ ತೀವ್ರ ಡೆಂಗಿಯಲ್ಲೂ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ; ನೋಡಿಕೊಳ್ಳದಿದ್ದರೆ ಇಪ್ಪತ್ತರವರೆಗೂ ಹೋಗುತ್ತದೆ. ಈ ವ್ಯತ್ಯಾಸ ನಿಂತಿರುವುದು ಇಂಥ ಹಾಳೆಗಳ ಮೇಲೆ ಎಂದೇ ನಾನು ನಂಬಿದ್ದೇನೆ.

ಅದೇ ಸಂಜೆ ಆಂಬುಲೆನ್ಸಿನಲ್ಲಿ ಬಂದ ಹದಿಮೂರರ ಹುಡುಗನಿಗೆ ಆ ಹೊತ್ತು ಮೀರಿತ್ತು. ಮೈಕೈ ನೋವಿಗೆಂದು ಊರಲ್ಲಿ ನೋವಿನ ಇಂಜೆಕ್ಷನ್ ಕೊಡಿಸಿದ್ದರು. ಡೆಂಗಿಯಲ್ಲಿ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಔಷಧಿ ಕೂಡದು, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಜ್ವರ ಬಿಟ್ಟಿತೆಂದು ಒಂದು ದಿನ ಮನೆಯಲ್ಲೇ ಇದ್ದ. ಸುಸ್ತಿಗೆ ಮಲಗಿದ್ದಾನೆ ಅಂದುಕೊಂಡಿದ್ದರು. ಬಂದಾಗ ನಾಡಿ ಸಿಗಲಿಲ್ಲ, ವಸಡಿನಲ್ಲಿ ರಕ್ತ. ರಾತ್ರಿಯೇ ಹೋದ. "ನಿನ್ನೆ ಇಡ್ಲಿ ತಿಂದಿದ್ದ ಸಾರ್, ಜ್ವರಾನೇ ಇರ್ಲಿಲ್ಲ" ಎಂದು ಅವರಪ್ಪ ಎದುರಿಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಡೆಂಗಿ ಹೀಗೆ ಕೊಲ್ಲುವುದು ಮೊದಲು ಜಗತ್ತಿನ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಮನಿಲಾ ಮತ್ತು ಬ್ಯಾಂಕಾಕ್ ನಗರಗಳ ಮಕ್ಕಳಲ್ಲಿ. 1996ರಲ್ಲಿ ದಿಲ್ಲಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿ ನಾನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ನಮ್ಮ ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು.

ಆ ಹುಡುಗನ ಬೀದಿಗೆ ಮಾರನೆಯ ದಿನ ಆಶಾ ಕಾರ್ಯಕರ್ತೆಯರು ಬಂದರು. ಮನೆಮನೆಯ ಮುಂದೆ ನೀಲಿ ಡ್ರಮ್ಮು. ಟಾರ್ಚು ಬಿಟ್ಟರೆ ತಿಳಿನೀರಲ್ಲಿ ಎಳ್ಳಿನಷ್ಟು ಸಣ್ಣ ಹುಳಗಳು ಬಾಲ ಮೇಲೆ, ತಲೆ ಕೆಳಗೆ ಮಾಡಿ ನೇತಾಡುತ್ತಿವೆ, ಬೆಳಕು ತಾಗಿದೊಡನೆ ತಳಕ್ಕೆ ಧುಮುಕುತ್ತವೆ. ಮೊಟ್ಟೆ ನೀರಿಗೆ ಬಿದ್ದು ಸೊಳ್ಳೆಯಾಗಿ ಹಾರಲು ಎಂಟು-ಹತ್ತು ದಿನ ಸಾಕು. ಒಣಗಿದ ಡ್ರಮ್ಮಿನ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಕಾದಿದ್ದು ನೀರು ಬಿದ್ದಾಗ ಒಡೆಯುತ್ತದೆ. "ವಾರಕ್ಕೊಂದ್ಸಲ ಚೆಲ್ಲಿ, ಉಜ್ಜಿ ತೊಳೀರಿ ಅಕ್ಕ" ಎಂದರೆ ಮನೆಯಾಕೆ ಸಿಟ್ಟಿಗೆದ್ದರು: "ನಲ್ಲೀಲಿ ನೀರು ಬರೋದೇ ಎಂಟು ದಿನಕ್ಕೊಂದು ಸಲ. ಚೆಲ್ಲಿ ಏನ್ ಕುಡೀಲಿ?" ಆಕೆಯ ಮಾತಿಗೆ ಆಶಾ ಬಳಿ ಉತ್ತರವಿರಲಿಲ್ಲ. ದಂಡ ಹಾಕುವವರ ಬಳಿಯೂ ಇಲ್ಲ. ಡ್ರಮ್ಮಿನ ಬಾಯಿಗೆ ಹಳೇ ಸೀರೆ ಬಿಗಿದು ಕಟ್ಟಿ ಎಂದು ಹೇಳಿ, ತಾವೇ ಕಟ್ಟಿಕೊಟ್ಟು ಮುಂದೆ ಹೋದರು.

ಎಂಟು ವರ್ಷದ ಹುಡುಗಿಗೆ ಏಳನೇ ದಿನ ಅಂಗೈ, ಅಂಗಾಲು ವಿಪರೀತ ತುರಿಕೆ, ಕಾಲ ತುಂಬ ಕೆಂಪು, ನಡುನಡುವೆ ಬಿಳಿ ಚುಕ್ಕೆ. ತಾಯಿ ಹೆದರಿದರು, ಸಿಸ್ಟರ್ ನಕ್ಕರು: ಇದು ಗುಣವಾಗುವ ಲಕ್ಷಣ. ಹುಡುಗಿ ಚಿತ್ರಾನ್ನ ಕೇಳಿದಳು. ಡಿಸ್ಚಾರ್ಜ್ ಚೀಟಿ ಮಡಚಿ ಕುಪ್ಪಸದೊಳಗಿಟ್ಟುಕೊಳ್ಳುತ್ತ ತಾಯಿ ಕೇಳಿದರು, "ಇನ್ನು ಇವಳಿಗೆ ಬರಲ್ಲ ಅಲ್ವಾ ಡಾಕ್ಟ್ರೇ?"

"ಈ ಜಾತಿದು ಬರಲ್ಲಮ್ಮ. ಡೆಂಗಿಯಲ್ಲಿ ನಾಲ್ಕು ಜಾತಿ. ಇನ್ನೊಂದು ಬಂದ್ರೆ ಈ ಸಲಕ್ಕಿಂತ ಜೋರಾಗಿ ಬರಬಹುದು. ಜ್ವರ ಬಂದ ದಿನವೇ ಈ ಚೀಟಿ ತಗೊಂಡು ಬನ್ನಿ. ಜ್ವರ ಬಿಟ್ಟರೂ ಬನ್ನಿ."