ಹೊಲದ ಮಣ್ಣು ಬರೆದ ಖಾಲಿ ವೃತ್ತ

‘ಬಯೋಟೆಕ್ನಾಲಜಿನಾ? ಅದಕ್ಕೆ ಕೆಲಸ ಸಿಗುತ್ತಾ?’ ಬಿ.ಇ. ಸೇರಿದಾಗಿನಿಂದ ಊರಿನಲ್ಲಿ ಎಲ್ಲರದೂ ಇದೇ ಪ್ರಶ್ನೆ. ಉತ್ತರ ನನಗೂ ಗೊತ್ತಿಲ್ಲ. ಆದರೆ ಈ ಸೆಮಿಸ್ಟರ್‌ನಲ್ಲಿ ಒಂದು ಹಿಡಿ ಮಣ್ಣು ನನ್ನ ತಲೆ ಕೆಡಿಸಿದೆ.

ಲ್ಯಾಬ್‌ಗೆ ಮಣ್ಣು ತರಬೇಕಿತ್ತು. ‘ಮಣ್ಣಲ್ಲಿ ಏನು ಓದ್ತೀಯೋ’ ಎಂದು ನಗುತ್ತಲೇ ಅಪ್ಪ ಹೊಲದ್ದು ತೆಗೆದುಕೊಟ್ಟರು. ನೀರಿನಲ್ಲಿ ಕಲಸಿ, ಮತ್ತೆ ಮತ್ತೆ ತೆಳುಮಾಡಿ ಅಗರ್ ಪ್ಲೇಟ್ ಮೇಲೆ ಹರಡಿದೆ. ವಾರದ ನಂತರ ಸುಣ್ಣದ ಪುಡಿ ಉದುರಿಸಿದಂಥ ಬಿಳಿ ಚುಕ್ಕೆಗಳು. ಮುಚ್ಚಳ ಸರಿಸಿದರೆ (ಮೂಸಬಾರದು, ಆದರೂ ಮೂಸಿದೆ) ಮೊದಲ ಮಳೆಯ ವಾಸನೆ! ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ತಯಾರಿಸುವ ಜಿಯೋಸ್ಮಿನ್ ಅದು. ಒಂದು ಚುಕ್ಕೆಯ ಸುತ್ತ ಬೇರೇನೂ ಬೆಳೆಯದೆ ಖಾಲಿ ವೃತ್ತ ಉಳಿದಿತ್ತು. ಅಲ್ಲಿಗೆ ಆ್ಯಂಟಿಬಯಾಟಿಕ್ ಹರಡಿತ್ತು.

1943ರಲ್ಲಿ ಅಮೆರಿಕದ ರಟ್ಗರ್ಸ್‌ನ ನೆಲಮಾಳಿಗೆಯ ಲ್ಯಾಬ್‌ನಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ 23ರ ವಿದ್ಯಾರ್ಥಿ ಇಂಥದ್ದನ್ನೇ ಹುಡುಕುತ್ತಿದ್ದ. ಗೊಬ್ಬರ ಹಾಕಿದ ಹೊಲದ ಮಣ್ಣಿನಲ್ಲಿ ಅವನಿಗೆ ಸಿಕ್ಕ ಬ್ಯಾಕ್ಟೀರಿಯಾದಿಂದಲೇ ಕ್ಷಯಕ್ಕೆ ನಾಟುವ ಮೊದಲ ಆ್ಯಂಟಿಬಯಾಟಿಕ್ ಸ್ಟ್ರೆಪ್ಟೊಮೈಸಿನ್ ಬಂತು. 1952ರ ನೊಬೆಲ್ ಮಾತ್ರ ಗೈಡ್ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ಪ್ರಾಜೆಕ್ಟ್ ಮಾಡುವವರಿಗೆ ಈ ಕಥೆ ಹೊಸದಲ್ಲ ಬಿಡಿ.

ನನ್ನನ್ನು ಕಾಡಿದ್ದು ಬೇರೆ: ಮಣ್ಣಿನಲ್ಲಿ ಈ ಔಷಧ ಯಾರಿಗಾಗಿ? ನಮಗಾಗಿ ಅಲ್ಲವೇ ಅಲ್ಲ. ಆಹಾರ ಮುಗಿಯುತ್ತಾ ಬಂದಾಗ ಸ್ಟ್ರೆಪ್ಟೊಮೈಸಿಸ್ ತನ್ನದೇ ಎಳೆಗಳನ್ನು ಕರಗಿಸಿ ಬೀಜಕಣಗಳಿಗೆ ಉಣಿಸುತ್ತದೆ. ಆ ತುತ್ತಿಗೆ ನೆರೆಯ ಬ್ಯಾಕ್ಟೀರಿಯಾ ಬಾಯಿ ಹಾಕದಂತೆ ಆ್ಯಂಟಿಬಯಾಟಿಕ್ ಬೇಲಿಯಾಗುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ಪ್ರಮಾಣ ತೀರಾ ಕಡಿಮೆ ಇದ್ದಾಗ ಅದು ಕೊಲ್ಲುವುದಿಲ್ಲ, ನೆರೆಯವರ ವರ್ತನೆ ಬದಲಿಸುವ ಸಂಕೇತವೂ ಆಗಬಲ್ಲದು. ಇನ್ನು ಆ ಮಳೆಯ ವಾಸನೆ ಸ್ಪ್ರಿಂಗ್‌ಟೇಲ್ ಎಂಬ ಪುಟಾಣಿ ಜೀವಿಗಳನ್ನು ಕರೆಯುತ್ತದೆ. ಅವು ತಿಂದು ಹೋಗುವಾಗ ಬೀಜಕಣಗಳನ್ನು ಹೊತ್ತೊಯ್ದು ಹರಡುತ್ತವೆ.

ಬೇಲಿ ಇದ್ದಲ್ಲಿ ಹಾರುವವರೂ ಇರುತ್ತಾರೆ. ಕೆನಡಾದ ಯುಕಾನ್‌ನಲ್ಲಿ 30 ಸಾವಿರ ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲೂ ಆ್ಯಂಟಿಬಯಾಟಿಕ್‌ಗೆ ಬಗ್ಗದ ಜೀನ್‌ಗಳು ಸಿಕ್ಕಿವೆ. ಅಂದರೆ ಈ ವಿದ್ಯೆ ಬ್ಯಾಕ್ಟೀರಿಯಾಗಳಿಗೆ ಮೊದಲೇ ಗೊತ್ತಿತ್ತು. ನಾವು ಬೇಕಾಬಿಟ್ಟಿ ನುಂಗಿದಾಗಲೆಲ್ಲ ಬಗ್ಗುವವು ಸತ್ತು, ಬಗ್ಗದವಕ್ಕೆ ಜಾಗ ಬಿಡುತ್ತವೆ.

ಕಳೆದ ವಾರ ಅಮ್ಮ ಫೋನ್ ಮಾಡಿದ್ದರು. ‘ನೆಗಡಿ ಕಣೋ. ನೀನು ತಂದ ಮಾತ್ರೆ ಡಬ್ಬಿಯಲ್ಲಿ ನಾಲ್ಕು ಉಳಿದಿವೆ, ತಗೊಳ್ಳಲಾ?’

‘ಬೇಡಮ್ಮ, ನೆಗಡಿ ವೈರಸ್‌ನದು. ಅದಕ್ಕೆ ಆ ಮಾತ್ರೆ ನಾಟಲ್ಲ.’

‘ಮತ್ತೆ ನೀನ್ಯಾಕೆ ತಗೊಂಡಿದ್ದೆ?’

ಪರೀಕ್ಷೆ ಹತ್ತಿರ ಬಂತೆಂದು, ಡಾಕ್ಟರ್ ಚೀಟಿ ಇಲ್ಲದೆ, ನೆಗಡಿಗೇ ಕೊಂಡಿದ್ದೆ.